ಎಂಟು ಮಡಕೆಯ ಹೆಪ್ಪು

ನಮ್ಮ ರೇಷ್ಮೆ ಹುಳು ಮನೆಗೆ ಕಾಲಿಡಬೇಕಾದರೆ ಮೊದಲು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಬೇಕು. ಪಂಚಾಯ್ತಿ ಅಧ್ಯಕ್ಷರಾದರೂ ಅಷ್ಟೆ, ದೇವರೇ ಬಂದರೂ ಅಷ್ಟೆ. ನಲವತ್ತೊಂದು ವರ್ಷ ಸಂಸಾರ ಮಾಡಿದ ಗಂಡ ನಾನು, ನರಸಿಂಹಪ್ಪ. ನನಗೆ ಮಾತ್ರ ಕಾಲಿನ ಜೊತೆಗೆ ಕೈಯನ್ನೂ ಅದ್ದುವ ಶಿಕ್ಷೆ. ಶಿಡ್ಲಘಟ್ಟದ ಪೇಟೆಯಲ್ಲಿ ನಾನು ಏನೇನು ಮುಟ್ಟಿ ಬರುತ್ತೇನೋ ಎಂದು ನನ್ನ ಹೆಂಡತಿ ಚಿಕ್ಕವೆಂಕಟಮ್ಮನಿಗೆ ಸದಾ ಅನುಮಾನ. ಮೂವತ್ತು ವರ್ಷದ ಹಿಂದೆ ಒಂದು ಬೆಳೆ ಸಪ್ಪೆ ರೋಗ ಬಂದು, ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಮಲಗಿಬಿಟ್ಟಿತ್ತು. ಸತ್ತ ಹುಳುಗಳನ್ನು ಗುಂಡಿಗೆ ಸುರಿಯುವಾಗ ಅವಳು ಹೆತ್ತ ಮಕ್ಕಳನ್ನು ಕಳೆದುಕೊಂಡವಳಂತೆ ಅತ್ತಳು. ಅಂದಿನಿಂದ ಒಂದು ಬೆಳೆ ಮುಗಿದು ಇನ್ನೊಂದು ಬರುವ ನಡುವೆ ಅವಳ ಕೈಗೆ ಸಿಕ್ಕಿದ್ದೆಲ್ಲ ಬ್ಲೀಚಿಂಗ್ ಕಾಣಲೇಬೇಕು. ಗೋಡೆ, ನೆಲ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ, ಒಂದು ಸಲ ನನ್ನ ಹೊಸ ಚಪ್ಪಲಿ.

ಇಂಥ ಮನೆಗೆ ಸೊಸೆಯಾಗಿ ಬಂದ ಪವಿತ್ರ ಬ್ಯಾಕ್ಟೀರಿಯಾ ಸಾಕುವವಳು. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಜೊತೆಗೆ ಸಂಶೋಧನೆ. ರೇಷ್ಮೆ ಬಿಚ್ಚುವ ಘಟಕಗಳಲ್ಲಿ ಗೂಡು ಬೇಯಿಸಿದ ನೀರು ಗಬ್ಬುನಾತ ಹೊಡೆಯುತ್ತಾ ಚರಂಡಿಗೆ ಹೋಗುತ್ತದಲ್ಲ, ಅದರಿಂದ ಕರೆಂಟು ತೆಗೆಯುತ್ತೇನೆ ಎಂದಳು ಒಂದು ದಿನ. ನಾನು ನಕ್ಕೆ. ನಗಬಾರದಿತ್ತು.

ಅವಳ ಉಪಾಯ ಇಷ್ಟೆ. ಮಣ್ಣಿನ ಮಡಕೆಯೊಳಗೆ ಆ ನೀರು, ಒಂದಷ್ಟು ಕೆಸರು, ಕಾರ್ಬನ್ನಿನ ಕರಿಬಟ್ಟೆಯ ಒಂದು ಸುರುಳಿ. ಮಡಕೆಯ ಹೊರಮೈಗೆ ಇನ್ನೊಂದು ಕರಿಬಟ್ಟೆ. ಒಳಗಿನ ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು ಚೂರು ಚೂರೇ ವಿದ್ಯುತ್ತನ್ನು ಒಳಗಿನ ಬಟ್ಟೆಗೆ ಬಿಡುತ್ತದೆ. ಹೊರಗಿನ ಬಟ್ಟೆ ಗಾಳಿ ಕುಡಿಯುತ್ತದೆ. ಎರಡಕ್ಕೂ ನಡುವೆ ಮಡಕೆಯ ಬೆವರೇ ಸೇತುವೆ. ಒಂದು ಮಡಕೆಯಿಂದ ಏನೂ ಆಗದು. ಎಂಟನ್ನು ತಂತಿಯಿಂದ ಸಾಲಾಗಿ ಕಟ್ಟಿದರೆ ಹುಳು ಮನೆಯ ಶಾಖ ತೋರಿಸುವ ಯಂತ್ರ ನಡೆಯುತ್ತದೆ, ಸಾಸಿವೆ ಕಾಳಿನಷ್ಟು ಹಸಿರು ದೀಪವೊಂದು ಉರಿಯುತ್ತದೆ. ಕರೆಂಟು ಹೋದರೂ, ಸೆಲ್ಲು ಮುಗಿದರೂ ಇದು ನಿಲ್ಲುವುದಿಲ್ಲ.

"ಬ್ಯಾಕ್ಟೀರಿಯಾನಾ? ಹುಳ ಮನೆ ಪಕ್ಕದಲ್ಲಾ? ನನ್ ಹೆಣ ಬಿದ್ಮೇಲೆ ಇಡಮ್ಮ" ಎಂದಳು ನನ್ನ ಹೆಂಡತಿ.

"ಅತ್ತೆ, ಮೊಸರಲ್ಲಿರೋದೂ ಅದೇ ಜಾತಿ. ನೀವು ದಿನಾ ಹೆಪ್ಪು ಹಾಕ್ತೀರಲ್ಲ, ಇದೂ ಒಂದು ಹೆಪ್ಪು ಅಂದ್ಕೊಳ್ಳಿ."

ಹೆಪ್ಪು ಎಂದದ್ದೇ ತಡ, ಅವಳು ಮೆತ್ತಗಾದಳು. ಮಡಕೆ ಆರಿಸುವ ಕೆಲಸವನ್ನು ತಾನೇ ಕೈಗೆತ್ತಿಕೊಂಡಳು. ಮಂಡಿಕಲ್ ಕಡೆಯ ಕುಂಬಾರರ ಮನೆಯಲ್ಲಿ ಅರ್ಧ ದಿನ ಕೂತು ಒಂದೊಂದಕ್ಕೂ ನೀರು ತುಂಬಿಸಿ, ಅಂಗೈಯಿಂದ ಸವರಿ, ಚೆನ್ನಾಗಿ ಬೆವರುವ ಎಂಟನ್ನು ತೆಗೆದಳು. ಬೇಕಾದೀತು ಎಂದು ಇನ್ನೂ ಹತ್ತನ್ನು ತಂದು ಅಟ್ಟದ ಮೇಲಿಟ್ಟಳು. ಹುಳು ಮನೆಯ ಹಿಂದಿನ ಪಡಸಾಲೆಯಲ್ಲಿ ಮಡಕೆಗಳು ಕೂತವು. ಪವಿತ್ರ ಇಬ್ಬರನ್ನೂ ಕೂರಿಸಿಕೊಂಡು ಒಂದೇ ಮಾತು ಹೇಳಿದಳು: "ಪೇಟೆಂಟ್ ಅರ್ಜಿ ಹೋಗೋವರ್ಗೂ ಇದನ್ನ ಯಾರಿಗೂ ಹೇಳ್ಬೇಡಿ. ಹೊರಗೆ ಗೊತ್ತಾದ್ರೆ ಪಟ್ಟ ಕಷ್ಟ ಎಲ್ಲಾ ನೀರಲ್ಲಿ ಹೋಮ."

ಯುಗಾದಿಯ ಮರುದಿನ ತೊಂಡೇಬಾವಿಯಿಂದ ನನ್ನ ನಾದಿನಿ, ಹೆಂಡತಿಯ ತಂಗಿ ಅಕ್ಕಯ್ಯಮ್ಮ ಬಂದಳು. ಅಕ್ಕ ತಂಗಿ ಪಡಸಾಲೆಯಲ್ಲಿ ಅದೇನು ಗುಸುಗುಸು ಮಾಡಿದರೋ, ಮುಂದಿನ ವಾರ ನಾನು ಒಂದು ಕುಡಿಕೆ ತುಂಬ ಕೆಸರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತೊಂಡೇಬಾವಿಗೆ ಹೋಗುತ್ತಿದ್ದೆ. ಅಟ್ಟದ ಮಡಕೆಗಳಲ್ಲಿ ಎರಡು ಮೊದಲೇ ಹೋಗಿದ್ದವು. ಕರಿಬಟ್ಟೆಯ ಬದಲಿಗೆಂದು ಹಳೆಯ ಟಾರ್ಚಿನ ಸೆಲ್ಲುಗಳನ್ನು ಒಡೆದು ಕರಿಕಡ್ಡಿ ತೆಗೆದುಕೊಟ್ಟವನೂ ನಾನೇ.

"ಒಡಹುಟ್ಟಿದೋಳು ಹೆಪ್ಪು ಕೇಳಿದ್ರೆ ಇಲ್ಲ ಅನ್ನಕ್ಕಾಗತ್ತಾ?" ಎಂದಳು ಹೆಂಡತಿ. ಆಮೇಲೆ ಅವಳಿಗೇ ಭಯವಾಯಿತು. "ಪವಿತ್ರಂಗೆ ಗೊತ್ತಾಗ್ಬಾರ್ದು. ಹುಳದಾಣೆ ಹಾಕಿ."

ಹಾಕಿದೆ. ರೇಷ್ಮೆಯವನಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ.

ಆಷಾಢದಲ್ಲಿ ಪವಿತ್ರಳ ಕೊನೆಯ ಪರೀಕ್ಷೆ ಶುರುವಾಯಿತು. ಮೂವತ್ತು ದಿನ ಮಡಕೆಗಳು ನಿಲ್ಲದೆ ನಡೆಯಬೇಕು. ಮುಗಿಯುವ ಸೋಮವಾರ ಬೆಂಗಳೂರಿನಿಂದ ಮೂವರು ತಜ್ಞರು ನೋಡಲು ಬರುತ್ತಾರೆ. ಒಪ್ಪಿದರೆ ನಮ್ಮ ತಾಲ್ಲೂಕಿನ ಇಪ್ಪತ್ತು ಹುಳು ಮನೆಗಳಿಗೆ ಇದು ಹೋಗುತ್ತದೆ. ಒಪ್ಪದಿದ್ದರೆ ನಾಲ್ಕು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ದಿನವೂ ಕಾಲೇಜಿನಿಂದ ಬಂದು ಬ್ಯಾಗೂ ಇಳಿಸದೆ ಅವಳು ಆ ಹಸಿರು ದೀಪವನ್ನು ನೋಡಿ ಬರುತ್ತಿದ್ದಳು. ನೋಡಿ ನೋಡಿ ನನಗೂ ಅದೇ ಚಟ ಹತ್ತಿತು.

ಇಪ್ಪತ್ತನಾಲ್ಕನೆಯ ದಿನ, ಮಂಗಳವಾರ. ಗುರುವಾರ ಸಾಕಲು ಹೊಸ ಚಾಕಿ ಹುಳು, ಅಂದರೆ ಎಳೆಯ ಮರಿಗಳು, ಬರುವುದಿತ್ತು, ಸೋಮವಾರ ನೆಂಟರಿಗಿಂತ ದೊಡ್ಡವರು. ನನ್ನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಕೆಟ್ಟು ಹಿಡಿದಳು. ಹುಳು ಮನೆ ಮುಗಿಯಿತು, ಪಡಸಾಲೆ ಮುಗಿಯಿತು. ಮಡಕೆಗಳ ಒಳಕ್ಕೆ ಅವಳು ಕೈ ಹಾಕಲಿಲ್ಲ, ಅದು ಹೆಪ್ಪು ಎಂದು ಗೊತ್ತಿತ್ತು. ಹೊರಮೈಗೆ ಮಾತ್ರ, ಬಟ್ಟೆಯ ಸಮೇತ, ಬ್ಲೀಚಿಂಗ್ ನೀರನ್ನು ಎರಡೆರಡು ಸಲ ಧಾರಾಳವಾಗಿ ಹೊಯ್ದಳು.

ಹೊಯ್ದ ಅರ್ಧ ಗಂಟೆಗೆ ದೀಪ ಮೊದಲಿಗಿಂತ ಜೋರಾಗಿ ಉರಿಯತೊಡಗಿತು! "ನೋಡಿದ್ರಾ? ಮಡಿ ಅಂದ್ರೆ ಅವಕ್ಕೂ ಇಷ್ಟ" ಎಂದು ನನ್ನನ್ನು ಕರೆದು ತೋರಿಸಿದಳು. ನಾನೂ ತಲೆಯಾಡಿಸಿದೆ. ಪವಿತ್ರ ಅಂದು ತಡವಾಗಿ ಬಂದವಳು ದೂರದಿಂದಲೇ ದೀಪ ನೋಡಿ ನಕ್ಕು ಮಲಗಿದಳು.

ಬುಧವಾರ ಬೆಳಿಗ್ಗೆ ದೀಪವಿರಲಿಲ್ಲ. ಪವಿತ್ರ ಮಡಕೆಯ ಹತ್ತಿರ ಮೂಗು ತಂದಳು, ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ಹೊರಗಿನ ಬಟ್ಟೆಗೆ ಬ್ಲೀಚಿಂಗ್ ಬಿದ್ದಾಗ ಒಂದಷ್ಟು ಹೊತ್ತು ಕರೆಂಟು ಏರುತ್ತದಂತೆ. ಆಮೇಲೆ ಅದು ಗೋಡೆ ದಾಟಿ ಒಳಗಿಳಿದು ಇರುವುದನ್ನೆಲ್ಲ ಕೊಲ್ಲುತ್ತದಂತೆ. ಚೆನ್ನಾಗಿ ಬೆವರುವ ಮಡಕೆ ಚೆನ್ನಾಗಿ ಕುಡಿಯುತ್ತದೆ ಕೂಡ. ಆರಿಸಿ ಆರಿಸಿ ಅಂಥವನ್ನೇ ತಂದವಳು ನನ್ನ ಹೆಂಡತಿ.

"ನಾನು ಒಳಗೆ ಕೈ ಹಾಕ್ಲಿಲ್ಲ ಕಣಮ್ಮ" ಎಂದಳು ಅವಳು.

"ಪರ್ವಾಗಿಲ್ಲ ಅತ್ತೆ. ನಿಮಗೇನು ಗೊತ್ತು" ಎಂದು ಪವಿತ್ರ ಮೆಟ್ಟಿಲ ಮೇಲೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಂಡು ತಿರುಗಿಸಿ ಬೈದು ಸರಿಹೋಗುವ ಹೆಂಗಸು ನನ್ನವಳು. ಈ ಮೆತ್ತನೆಯ ಮಾತನ್ನು ತಡೆಯುವ ಶಕ್ತಿ ಅವಳಿಗಿಲ್ಲ. ಹೊಸದಾಗಿ ಕೆಸರು ತಂದು ಅದನ್ನು ಪಳಗಿಸಲು ಮೂರು ನಾಲ್ಕು ವಾರ ಬೇಕು, ಉಳಿದಿರುವುದು ಐದು ದಿನ, ಬರಬೇಡಿ ಎಂದು ಬೆಂಗಳೂರಿಗೆ ಹೇಳಿಬಿಡುತ್ತೇನೆ ಎಂದು ಪವಿತ್ರ ಎದ್ದು ಹೋದಳು.

ನನ್ನವಳು ಆ ಮಧ್ಯಾಹ್ನ ಮುದ್ದೆ ಮುಟ್ಟಲಿಲ್ಲ. "ಆ ದೀಪ ಹತ್ತೋವರ್ಗೂ ಮುದ್ದೆ ತಿನ್ನಲ್ಲ" ಎಂದು ಹರಕೆ ಹೊತ್ತಳು. ಅನ್ನ ತಿಂದಳು, ಆದರೆ ಅವಳ ಪಾಲಿಗೆ ಮುದ್ದೆಯಿಲ್ಲದ ಊಟ ಉಪವಾಸವೇ. ನನಗೆ ತಡೆಯಲಾಗಲಿಲ್ಲ. ತೊಂಡೇಬಾವಿಯಲ್ಲಿ ಅದೇ ಹೆಪ್ಪು ಜೀವಂತವಾಗಿದೆ ಎಂದು ಇಬ್ಬರಿಗೂ ಗೊತ್ತು. ಹೇಳಿದರೆ ಮಡಕೆ ಉಳಿಯುತ್ತದೆ, ಆದರೆ ಸೊಸೆಯ ಕಣ್ಣಿನಲ್ಲಿ ಅತ್ತೆ ಉಳಿಯುತ್ತಾಳೋ ಇಲ್ಲವೋ. "ಹುಳದಾಣೆ ನಾನು ಬಿಡ್ಲಾ?" ಎಂದೆ. "ನೀವ್ಯಾಕೆ ಬಿಡ್ತೀರಿ, ತಪ್ಪು ನಂದು" ಎಂದು ಎದ್ದಳು.

ಪವಿತ್ರ ಫೋನು ಹಿಡಿದು ಹೊರಗೆ ನಿಂತಿದ್ದಳು. ನನ್ನವಳು ಹೋಗಿ ಆ ಕೈ ಹಿಡಿದುಕೊಂಡಳು.

"ಫೋನ್ ಮಾಡ್ಬೇಡಮ್ಮ. ನಾನು ನಿಂಗೆ ಎರಡು ದ್ರೋಹ ಮಾಡಿದೀನಿ. ಒಂದು ನಿನ್ನೆದು. ಇನ್ನೊಂದು, ನೀನು ಯಾರಿಗೂ ಹೇಳ್ಬೇಡಿ ಅಂದಿದ್ದೆ, ನಾನು ಯುಗಾದಿಗೆ ಅಕ್ಕಯ್ಯಂಗೆ ಹೆಪ್ಪು ಕೊಟ್ಟೆ. ಅವಳ ಮನೇಲಿ ಈಗ ಗೋಡೆ ಗಡಿಯಾರ ಅದ್ರಲ್ಲೇ ಓಡ್ತೈತೆ. ಪಕ್ಕದ ಮನೆಯೋರೂ ಈಸ್ಕೊಂಡವ್ರಂತೆ."

ಪವಿತ್ರ ಫೋನು ಕೆಳಗಿಳಿಸಿದಳು. "ಎಷ್ಟು ಮನೆ ಅತ್ತೆ?"

"ಐದು."

ಸೊಸೆ ನೆಲದ ಮೇಲೆ ಕೂತು ನಗತೊಡಗಿದಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. "ಅರ್ಜಿ ಶಿವರಾತ್ರಿಗೇ ಹೋಯ್ತು ಅತ್ತೆ. ಆಮೇಲೆ ಯಾರಿಗೆ ಹೇಳಿದ್ರೂ ಪರ್ವಾಗಿರ್ಲಿಲ್ಲ. ನಾನೇ ನಿಮಗೆ ಹೇಳೋದು ಮರ್ತೆ. ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡು ಕೊರಗ್ತಿದ್ರಾ?"

ಚಾಕಿ ಹುಳು ಇಳಿಸಿಕೊಳ್ಳುವುದನ್ನು ಮಗ ಹರಿಕೃಷ್ಣನಿಗೆ ಒಪ್ಪಿಸಿ, ಖಾಲಿ ಹಾಲಿನ ಕ್ಯಾನು ಹಿಡಿದು ಮೂವರೂ ಅಂದೇ ಬಸ್ಸು ಹತ್ತಿದೆವು. ತೊಂಡೇಬಾವಿ ಮುಟ್ಟಿದಾಗ ಅಕ್ಕಯ್ಯಮ್ಮ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ತಿರುಗಿದ್ದಳು.

"ಏಂಟಿ ಬಾವಾ, ಈ ಹೊತ್ನಲ್ಲಿ?" ಎಂದವಳು, ವಿಷಯ ಕೇಳಿ ತಲೆ ಅಲ್ಲಾಡಿಸಿದಳು. "ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡಲ್ಲ. ಬೆಳಿಗ್ಗೆ ತಗೊಂಡ್ಹೋಗಿ."

"ಇದು ಮೊಸರಲ್ಲ ಕಣೇ, ಕರೆಂಟು!" ಎಂದೆ ನಾನು.

"ನಿಮ್ಮನೆಯೋಳು ಹೆಪ್ಪು ಅಂತಾನೇ ಕೊಟ್ಟಿದ್ದು. ಹೆಪ್ಪಿಗೆ ಹೆಪ್ಪಿನ ನೇಮ."

ನನಗೆ ಮೈ ಉರಿಯಿತು. ಪವಿತ್ರ ಮಾತ್ರ ಗೋಡೆಯ ಮೇಲಿನ ಗಡಿಯಾರದ ಕೆಳಗೆ ನಿಂತುಬಿಟ್ಟಿದ್ದಳು. ಬಾಯಿ ಒಡೆದ ಒಂದು ಮಡಕೆಯೂ ಸೇರಿ ನಾಲ್ಕು, ಸೀರೆಯ ಅಂಚಿನಿಂದ ಕಟ್ಟಿದ ಕರಿಕಡ್ಡಿಗಳು. ಗಡಿಯಾರ ಹದಿಮೂರು ನಿಮಿಷ ಹಿಂದಿತ್ತು, ಆದರೆ ಓಡುತ್ತಿತ್ತು. "ಇದಕ್ಕೆ ಏನು ಹಾಕ್ತೀರ ಚಿಕ್ಕತ್ತೆ?" ಎಂದು ಕೇಳಿದಳು. ಅಕ್ಕಿ ತೊಳೆದ ನೀರು ಎಂದಳು ಅಕ್ಕಯ್ಯಮ್ಮ. ಪವಿತ್ರ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಬೆಳಿಗ್ಗೆ ಅಕ್ಕಯ್ಯಮ್ಮ ಸ್ನಾನ ಮಾಡಿ, ಕ್ಯಾನಿಗೆ ಅರಿಶಿನ ಕುಂಕುಮ ಇಟ್ಟು, ಗಾಳಿಗೆ ಜಾಗವಿಲ್ಲದಂತೆ ಅಂಚಿನವರೆಗೂ ತುಂಬಿಸಿಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಅಟ್ಟದಲ್ಲಿ ಉಳಿದಿದ್ದ ಎಂಟು ಮಡಕೆಗಳು ಪಡಸಾಲೆಯಲ್ಲಿ ಕೂತಿದ್ದವು. ಹುಳು ಮನೆಯೊಳಗೆ ಹೊಸ ಹುಳು ಸೊಪ್ಪು ಮೇಯುತ್ತಿದ್ದವು.

ಶುಕ್ರವಾರ ಏನೂ ಆಗಲಿಲ್ಲ. ಶನಿವಾರ ಮೀಟರಿನ ಅಂಕಿ ಸ್ವಲ್ಪ ಕದಲಿತು, ಮತ್ತೆ ಬಿತ್ತು. ಪವಿತ್ರ ಹೆದರಿ ಮೇಲಿಂದ ಮೇಲೆ ಗೂಡಿನ ನೀರು ಸುರಿಯುವುದನ್ನು ನೋಡಿ ನನ್ನವಳು ಸೌಟು ಕಿತ್ತುಕೊಂಡಳು. "ಹುಳ ಪೊರೆ ಬಿಡೋ ಜ್ವರಕ್ಕೆ ಮಲಗಿರೋವಾಗ ಸೊಪ್ಪು ಹಾಕ್ತಾರೇನಮ್ಮ? ಒಳಗಡೆ ಹುಳಾನೂ ನಾಳೆ ಮೂರನೇ ಜ್ವರಕ್ಕೆ ಹೋಗ್ತವೆ. ಇವೂ ಅಂಗೇ. ಸುಮ್ನೆ ಬಿಡು, ಏಳ್ತವೆ."

ಸೋಮವಾರ ಮೂವರು ಬಂದರು. ನನ್ನವಳು ಅವರೆಲ್ಲರ ಬೂಟು ಬಿಚ್ಚಿಸಿ ಕಾಲನ್ನು ಬ್ಲೀಚಿಂಗ್ ನೀರಿಗೆ ಅದ್ದಿಸಿದಳು. ದೀಪ ಹತ್ತಿರಲಿಲ್ಲ. ಐದು ಮಡಕೆ ಎದ್ದಿದ್ದವು, ಮೂರು ಮಲಗಿದ್ದವು. ಅವರಲ್ಲಿ ದೊಡ್ಡ ಮೇಡಂ ದಾಖಲೆ ತಿರುವಿ ಹಾಕುತ್ತಾ, 'ಬ್ಲೀಚಿಂಗ್' ಎಂದಷ್ಟೇ ಬರೆದು ಖಾಲಿ ಬಿಟ್ಟಿದ್ದ ಪುಟದ ಮೇಲೆ ಬೆರಳಿಟ್ಟರು. "ಇಲ್ಲಿ ಏನಾಯಿತು? ಬ್ಲೀಚಿಂಗ್ ಯಾರು ಹಾಕಿದ್ದು?"

"ನನ್ನ ತಪ್ಪು ಮೇಡಂ" ಎಂದಳು ಪವಿತ್ರ. "ಮಡಕೆ ಹೊರಗಿಂದ ಕುಡಿಯುತ್ತೆ ಅಂತ ಮನೆಯವರಿಗೆ ನಾನು ಹೇಳಿರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಒಳಗೆ ಬಂದಳು. "ನಂ ಸೊಸೆ ನನ್ನ ಉಳ್ಸಕ್ಕೆ ಹೇಳ್ತಾವಳೆ. ಹಾಕಿದ್ದು ನಾನು. ಮುಂದಿನ ಬೆಳೆಗೂ ಹಾಕ್ತೀನಿ ಕಣಮ್ಮ, ಹಾಕ್ದಿದ್ರೆ ಹುಳ ಉಳಿಯಲ್ಲ. ನೀವು ಇಪ್ಪತ್ತು ಮನೆಗೆ ಕೊಟ್ರೆ ಇಪ್ಪತ್ತು ಮನೆಯೋರೂ ಹಾಕ್ತಾರೆ. ಅದಕ್ಕೇ ಒಂದೊಂದು ಊರಲ್ಲೂ ಹುಳ ಸಾಕ್ದೆ ಇರೋರ ಮನೇಲಿ ಒಂದು ಮಡಕೆ ಹೆಪ್ಪು ಇಟ್ಟಿರ್ಬೇಕು. ನನ್ ತಂಗಿ ಮನೇಲಿ ಐತೆ ನೋಡಿ, ಅಂಗೆ."

ಮೇಡಂ ಕನ್ನಡಕ ತೆಗೆದರು. ಮತ್ತೆ ಚಾಲೂ ಮಾಡಲು ಎಷ್ಟು ದಿನ ಹಿಡಿಯಿತು, ತೊಂಡೇಬಾವಿಯಲ್ಲಿ ಎಷ್ಟು ಮನೆ, ಅವರಿಗೆ ಯಾರು ಹೇಳಿಕೊಟ್ಟದ್ದು ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಹೊರಡುವಾಗ ಪವಿತ್ರಳಿಗೆ, "ದೀಪಕ್ಕಿಂತ ಈ ಹೆಪ್ಪು ಉಳಿಸುವ ಉಪಾಯ ದೊಡ್ಡದು. ಇಪ್ಪತ್ತು ಮನೆ ಶುರು ಮಾಡಿ, ಮೊದಲು ಈ ಅಮ್ಮನ ಹೆಸರು ಬರೆದುಕೊಡಿ" ಎಂದರು. ಬಸ್ಸಿನಲ್ಲಿ ಕೆಸರು ಹೊತ್ತವನ ಹೆಸರನ್ನು ಯಾರೂ ಕೇಳಲಿಲ್ಲ.

ಅವರ ಕಾರು ಊರು ದಾಟಿ ಒಂದು ಗಂಟೆಯಾಗಿರಬೇಕು. ನನ್ನವಳು ಹುಳು ಮನೆಯ ಕಡೆಯಿಂದ ಕೂಗಿದಳು: "ಜ್ವರ ಎದ್ವು!" ಹುಳುಗಳೆಂದು ನಾನು ಹೋದರೆ ಅವಳು ನಿಂತದ್ದು ಪಡಸಾಲೆಯಲ್ಲಿ. ಹಸಿರು ದೀಪ ಹತ್ತಿತ್ತು. ಒಳಗೆ ಹುಳುಗಳೂ ತಲೆ ಎತ್ತಿದ್ದವು.

ಅವಳು ಮೊದಲು ಹುಳುಗಳಿಗೆ ಎಳೆಸೊಪ್ಪು ಹಾಕಿದಳು. ಆಮೇಲೆ ಮಡಕೆಗಳಿಗೆ ಒಂದೊಂದು ಸೌಟು ನೀರು. ಆಮೇಲೆ ಅಡುಗೆಮನೆಗೆ ಹೋಗಿ ಬಿಸಿ ಮುದ್ದೆ ಮಾಡಿ ಬಸ್ಸಾರು ಬಡಿಸಿಕೊಂಡು ಬಂದು ಪಡಸಾಲೆಯಲ್ಲೇ ಸೊಸೆಯ ಮುಂದೆ ಕೂತಳು. "ಐದು ದಿನದಿಂದ ನೀನೂ ನೆಟ್ಟಗೆ ಉಂಡಿಲ್ಲ, ನಾನು ನೋಡಿಲ್ಲ ಅಂದ್ಕೊಂಡ್ಯಾ? ಬಾಯ್ ತೆಗಿ." ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಂಡರು. ನಲವತ್ತೊಂದು ವರ್ಷದಲ್ಲಿ ಅವಳು ಹುಳು ಮನೆಯ ಪಡಸಾಲೆಗೆ ಎಂಜಲು ತಟ್ಟೆ ತಂದದ್ದು ಅದೇ ಮೊದಲು. ನನ್ನ ಕಣ್ಣು ತುಂಬಿಬಂತು.

"ನನಗೆ?" ಎಂದೆ.

"ಮೊದ್ಲು ಕಾಲು ಅದ್ದಿ ಬನ್ನಿ" ಎಂದಳು. "ಕೈನೂ."