ಹಾಲಿಗೆ ಬೆರೆಸಿದ್ದು

ಡೇರಿಯ ಬಾಯ್ಲರಿಗೆ ಕಲ್ಲಿದ್ದಲು ತುಂಬುವವನನ್ನು ಎಲ್ಲರೂ ಕೆಂಡಪ್ಪ ಎಂದೇ ಕರೆಯುತ್ತಿದ್ದರು. ಬೆಂಕಿಯ ಕೆಲಸಕ್ಕಿಂತ ಅವನ ಮೂಗಿನ ತುದಿಯ ಸಿಟ್ಟೇ ಆ ಹೆಸರಿಗೆ ಕಾರಣ. ಸಿಟ್ಟು ಬರದೆ ಏನು ಮಾಡೀತು? ಅವನು ಲಾರಿಗಟ್ಟಲೆ ಕಲ್ಲಿದ್ದಲು ಸುಟ್ಟು ಸುತ್ತಲಿನ ಕೊಟ್ಟಿಗೆಗಳ ಹಾಲಿನಿಂದ ನೀರು ಹಾರಿಸಿ ಪುಡಿ ಮಾಡಬೇಕು. ಆ ಪುಡಿ ಹಡಗು ಹತ್ತಿ ಸಮುದ್ರದಾಚೆ ಹೋಗಬೇಕು. ಆಚೆಯಿಂದ ಇನ್ನೊಂದು ಹಡಗು ಹೊಟ್ಟೆ ತುಂಬ ಎಣ್ಣೆ ಕುಡಿದು ಅಂಥದೇ ಪುಡಿ ತರಬೇಕು. ಪಕ್ಕದ ಶೆಡ್ಡಿನಲ್ಲಿ ಅವನ ಹೆಂಡತಿ ಅದಕ್ಕೆ ನೀರು ಹಾಕಿ ಊರಿಗೆ ಹಾಲು ಮಾಡಬೇಕು. ಗಂಡ ತೆಗೆದ ನೀರನ್ನು ಹೆಂಡತಿ ವಾಪಸು ಹಾಕುತ್ತಾಳೆ ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಕೆಂಡಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂದು ಹಾಲು ಒಣಗಿಸುವ ಯಂತ್ರ ಕೆಟ್ಟು ನಿಂತಿತು. ಒಣಗಿಸಲಾಗದ ಹಾಲು ಬೇಡವೆಂದು ಗೇಟು ಮುಚ್ಚಿದರು. ಹೊರಗೆ ಸುಡುಬಿಸಿಲಲ್ಲಿ ಕ್ಯಾನುಗಳ ಸಾಲು, ಸಾಲಿನ ಮುಂದೆ ಅವನ ಅಕ್ಕ. ಗಂಡನಿಲ್ಲದ ಮನೆಯನ್ನು ಎರಡು ಹಸುಗಳನ್ನು ನೆಚ್ಚಿಕೊಂಡು ನಡೆಸುವವಳು. ಹಿಂದೆಯೂ ಹೀಗೆ ಬೇಡವಾದ ಹಾಲನ್ನು ಚರಂಡಿಗೆ ಸುರಿದು ಹೋಗಿದ್ದಳು.

“ಇವತ್ತೂ ಚೆಲ್ಲೋದಾದ್ರೆ ಹಸು ಮಾರಿಬಿಡ್ತೀನಿ ಕಣೋ,” ಅಂದಳು. “ಚರಂಡಿಗೆ ಅಂತ ಯಾರು ಹಾಲು ಕರೀತಾರೆ?”

ಕೆಂಡಪ್ಪ ಮ್ಯಾನೇಜರನ ಹತ್ತಿರ ಅಂಗಲಾಚಿದ. ಊರಿಗೆ ಹಾಲು ಬೇಕು, ಹಾಲು ಗೇಟಿನಲ್ಲೇ ಇದೆ, ಕಾಯಿಸಿ ಪ್ಯಾಕೆಟ್ಟಿಗೆ ತುಂಬಿದರಾಯಿತಲ್ಲ ಎಂದ. ಮ್ಯಾನೇಜರ್ ತಲೆ ಎತ್ತಲಿಲ್ಲ. ಇಲ್ಲಿನ ಪುಡಿಗೆ ಅಲ್ಲಿ ಬೆಲೆ ಹೆಚ್ಚು, ಅಲ್ಲಿನ ಪುಡಿ ಇಲ್ಲಿಗೆ ಅಗ್ಗ, ಪದ್ಧತಿ ಇರುವುದೇ ಹೀಗೆ ಎಂದು ಕೈಬೀಸಿ ಕಳಿಸಿದ.

ಆ ಪದ್ಧತಿಗೆ ಬೆಂಕಿ ಬೀಳಲಿ! ಕೆಂಡಪ್ಪ ಕಲ್ಲಿದ್ದಲು ಇಳಿಸುವ ಹಿಂಬಾಗಿಲು ತೆರೆದ. ಅಕ್ಕನದಷ್ಟೇ ಅಲ್ಲ, ಸಾಲಿನಲ್ಲಿದ್ದವರೆಲ್ಲರ ಕ್ಯಾನುಗಳನ್ನೂ ಹೊತ್ತು ತಂದು ಹೆಂಡತಿಯ ಮುಂದಿಟ್ಟ. ಅವಳು ಗಂಡನ ಮುಖ ನೋಡಿದಳು. ಪುಡಿಯ ಚೀಲ ಪಕ್ಕಕ್ಕೆ ಸರಿಸಿ ತೊಟ್ಟಿಯ ಮುಚ್ಚಳ ತೆಗೆದಳು. ತೊಟ್ಟಿಯಿಂದ ಮುಂದೆ ಹೇಗೂ ಕಾಯಿಸುವ ಹಾಲು, ಯಾರಿಗೂ ಕೇಡಿಲ್ಲ.

ಮರುದಿನ ದೂರುಗಳ ಮೇಲೆ ದೂರು. ಹಾಲಿನ ಮೇಲೆ ಏನೋ ದಪ್ಪಗೆ ಕಟ್ಟುತ್ತಿದೆ, ಏನು ಹಾಕಿದ್ದೀರಿ ಎಂದು ಊರಿಗೆ ಊರೇ ಕೇಳಿತು. ಕೆನೆಯ ಗುರುತೇ ಮರೆತುಹೋದ ಊರು! ಮ್ಯಾನೇಜರ್ ಗಂಡ ಹೆಂಡತಿ ಇಬ್ಬರನ್ನೂ ಕರೆಸಿದ.

“ಕಲಬೆರಕೆ ಮಾಡಿದ್ದೀರಿ. ಏನು ಬೆರೆಸಿದ್ರಿ, ಹೇಳಿ.”

“ಹಾಲು,” ಅಂದ ಕೆಂಡಪ್ಪ.

ಇಬ್ಬರ ಕೆಲಸವೂ ಹೋಯಿತು. ಅಕ್ಕನ ಹಾಲು ಇನ್ನು ಗೇಟು ದಾಟಕೂಡದು ಎಂದಾಯಿತು. ಅವಳು ಆ ವಾರವೇ ಹಸುಗಳನ್ನು ಮಾರಿದಳು.

ನೋಡಿ ಬರಲೆಂದು ಹೋದ ಕೆಂಡಪ್ಪನಿಗೆ ಚಹಾ ಮಾಡಲು ಅಕ್ಕ ಡೇರಿಯ ಪ್ಯಾಕೆಟ್ ಒಡೆದು ಒಲೆಯ ಮೇಲಿಟ್ಟಳು. ಹಾಲು ಉಕ್ಕಿ ಇಳಿಯಿತು. ಅವಳು ರೂಢಿಯಂತೆ ಕೆನೆ ತೆಗೆಯಲು ಚಮಚ ಹಿಡಿದು ಕಾಯುತ್ತ ನಿಂತಿದ್ದಳು. ಕೆಂಡಪ್ಪ ಆ ಚಮಚ ಕಿತ್ತುಕೊಂಡು ಖಾಲಿ ಕೊಟ್ಟಿಗೆಗೆ ಎಸೆದ.