ಕೊನೇ ಬೆಂಚಿನ ಮೇಡಂ

"ಹಿಂದೆ ಯಾಕಪ್ಪ ಕೂರ್ತೀಯ? ಸ್ಕೂಲಿನವರು ಮುಂದೆ ಬನ್ನಿ," ಎನ್ನುತ್ತ ಮೊಕ್ಗಾಡಿ ಅಜ್ಜಿ ಲೆಸಿಬಾನ ತೋಳು ಹಿಡಿದು ಎಳೆಯುತ್ತಿದ್ದಳು. ಶವಪೆಟ್ಟಿಗೆಯಲ್ಲಿ ಮಲಗಿದ್ದವರು ಅವಳ ತಂಗಿ ಲೆದ್ವಾಬಾ ಮೇಡಂ, ಲಿಂಪೊಪೊ ಪ್ರಾಂತ್ಯದ ಆ ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ-ವಿಜ್ಞಾನ ವಿಭಾಗದ ಮುಖ್ಯಸ್ಥೆ. ಅಲ್ಲೇ ಗಣಿತ ಮೇಷ್ಟ್ರಾಗಿದ್ದ ಲೆಸಿಬಾ ತೋಳು ಬಿಡಿಸಿಕೊಂಡು ಡೇರೆಯ ಕೊನೇ ಬೆಂಚಿನಲ್ಲೇ ಕುಳಿತ.

"ನಮ್ಮವಳೂ ಹೀಗೇ, ಪಾಪ," ಎಂದಳು ಅಜ್ಜಿ, ಹೊದ್ದ ಕಂಬಳಿ ಸರಿಮಾಡಿಕೊಳ್ಳುತ್ತ. "ಲೆಕ್ಕ ತಲೆಗೆ ಹತ್ತಲಿಲ್ಲ. ಮಕ್ಕಳ ಜೊತೆ ಹಿಂದೆ ಕೂತು ಪ್ರಶ್ನೆ ಕೇಳೋಳಂತೆ. ಅದು ಹೇಗೆ ಮುಖ್ಯಸ್ಥೆ ಮಾಡಿದ್ರೋ."

ಲೆಸಿಬಾಗೆ ಆ ಮಾತು ಸಹಿಸಲಾಗಲಿಲ್ಲ. ಆದರೆ ಬಾಯಿ ಬಿಡುವುದು ಹೇಗೆ? ಬೆಳಿಗ್ಗೆಯಷ್ಟೇ ಹೆಡ್‌ಮಾಸ್ಟರು ಮೇಡಂ ಜಾಗಕ್ಕೆ ನೀನೇ ಬಾ ಎಂದು ಮತ್ತೆ ಕೇಳಿದ್ದರು. ಜೊತೆಯವರ ತಪ್ಪು ಹುಡುಕಿ ವೈರ ಕಟ್ಟಿಕೊಳ್ಳುವ ಕೆಲಸ ನನಗೆ ಬೇಡ ಎಂದುಬಿಟ್ಟಿದ್ದ.

*

ಲೆಸಿಬಾ ಸ್ಕೂಲಿಗೆ ಹೊಸದಾಗಿ ಸೇರಿದ್ದ ವರ್ಷ. ಋಣ ಮೂರರ ವರ್ಗ ಋಣ ಒಂಬತ್ತು ಎಂದು ಹಲಗೆಯ ಮೇಲೆ ಠೀವಿಯಿಂದ ಬರೆದ. ಪಾಠ ನೋಡಲು ಬಂದು ಕೊನೇ ಬೆಂಚಿನಲ್ಲಿ ಕೂತಿದ್ದ ಮೇಡಂ ಕೈ ಎತ್ತಿದರು.

"ಸರ್, ನನಗೆ ಆ ಸಾಲು ತಿಳೀಲಿಲ್ಲ. ಇನ್ನೊಂದ್ಸಲ ಹೇಳ್ಕೊಡ್ತೀರಾ?"

ಮಕ್ಕಳು ಕಿಸಕ್ಕೆಂದರು, ಅವನನ್ನಲ್ಲ, ಮೇಡಂ ಅವರನ್ನು ನೋಡಿ. ಮತ್ತೆ ಬಿಡಿಸುವಾಗ ತಪ್ಪು ಅವನಿಗೇ ಕಂಡಿತು, ಒರೆಸಿ ಧನ ಒಂಬತ್ತು ಎಂದು ತಿದ್ದಿದ. "ಈಗ ತಿಳೀತು ಸರ್," ಎಂದರು ಅವರು. ಹೊರಗೆ ಬಂದ ಮೇಲೂ ಆ ಮಾತೆತ್ತಲಿಲ್ಲ.

ವಿಭಾಗದ ಎಲ್ಲರನ್ನೂ ಹೀಗೇ ತಿದ್ದಿದರು. ಆ ಬಡ ಸ್ಕೂಲು ಗಣಿತಕ್ಕೆ ಜಿಲ್ಲೆಯಲ್ಲೇ ಹೆಸರಾಯಿತು. ಮೇಷ್ಟ್ರುಗಳ ಮಾನ ಉಳಿಯಿತು, ಊರ ಬಾಯಲ್ಲಿ ದಡ್ಡಿಯಾದವರು ಮೇಡಂ ಒಬ್ಬರೇ. ಎಂಥ ಹೆಂಗಸು!

*

ಪೆಟ್ಟಿಗೆಯ ಪಕ್ಕ ನಿಂತು ಮೇಡಂ ಬದುಕಿನ ಕತೆ ಓದುತ್ತಿದ್ದವಳು ಫುಟಿ, ಹೊಸ ಗಣಿತ ಟೀಚರು.

"ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಹುಟ್ಟಿ, ಎರಡು ಸಾವಿರದ ಹತ್ತೊಂಬತ್ತರಲ್ಲಿ ನಮ್ಮನ್ನಗಲಿದ ಮೇಡಂ, ಐವತ್ತು ವರ್ಷ ತುಂಬಿ ಬಾಳಿದರು..."

ಡೇರೆಯಲ್ಲಿ ಗುಸುಗುಸು ಎದ್ದಿತು. ಗಣಿತದ ಟೀಚರಂತೆ, ಎಂದು ಯಾರೋ ನಕ್ಕರು. ಫುಟಿಗೆ ಯಾಕೆಂದು ತಿಳಿಯಲಿಲ್ಲ, ಹಾಳೆ ಕೆಳಗಿಳಿಸಿದಳು.

ಕೊನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

"ಟೀಚರ್," ಎಂದ ಲೆಸಿಬಾ, "ನನಗೆ ಆ ಸಾಲು ತಿಳೀಲಿಲ್ಲ. ಇನ್ನೊಂದ್ಸಲ ಓದ್ತೀರಾ?"

ನಗು ಅವನ ಕಡೆ ತಿರುಗಿತು. ಫುಟಿ ಕಣ್ಣೊರೆಸಿಕೊಂಡು ಮತ್ತೆ ಓದಿದಳು, ತಡೆದಳು. "ಅರವತ್ತು ವರ್ಷ," ಎಂದಳು.

"ಈಗ ತಿಳೀತು ಟೀಚರ್."

ಹೆಡ್‌ಮಾಸ್ಟರು ಹಿಂತಿರುಗಿ ನೋಡಿದರು. ಬೆಳಿಗ್ಗೆ ಬೇಡವೆಂದಿದ್ದ ಕೆಲಸಕ್ಕೆ ಲೆಸಿಬಾ ಈಗ ಆಗಲಿ ಎಂಬಂತೆ ತಲೆಯಾಡಿಸಿದ.

ಮೊಕ್ಗಾಡಿ ಅಜ್ಜಿ ಮನೆಯವರ ಸಾಲಿನಿಂದ ಅವನನ್ನೇ ದಿಟ್ಟಿಸುತ್ತಿದ್ದಳು. ಮೆಲ್ಲಗೆ ಎದ್ದು ಹಿಂದೆ ಬಂದಳು.

"ಹಾಗಾದ್ರೆ ನಮ್ಮವಳೂ ಲೆಕ್ಕ ಗೊತ್ತಿದ್ದೇ ಕೇಳ್ತಿದ್ಲು," ಎಂದಳು.

"ಎಲ್ಲಾ ಗೊತ್ತಿತ್ತು ಅಜ್ಜಿ."

ಅಜ್ಜಿ ಕಂಬಳಿ ಎತ್ತಿ ಹೊದ್ದು, ಸ್ವಲ್ಪ ಸರಿ ಎಂದು ಸನ್ನೆ ಮಾಡಿ, ಕೊನೇ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು.