ಏಳನೆಯ ಪುಟದ ತಪ್ಪು

ಹದಿನಾಲ್ಕು ವರ್ಷ ರಿಯಾಜನ ಜೊತೆ ಕೂತು ಮಾಡಿದ ಲೆಕ್ಕದಲ್ಲಿ ತಪ್ಪಿದೆ ಎಂದು ವಿಜಯಲಕ್ಷ್ಮಿಗೆ ಗೊತ್ತಾದದ್ದು ಒಂದು ಮಂಗಳವಾರ, ಬಬಲೇಶ್ವರದಲ್ಲಿ ಅವಳು ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಅವರ ಪ್ರಬಂಧವನ್ನು ಒಪ್ಪಿಕೊಂಡಿದ್ದ ವಿದೇಶದ ಪತ್ರಿಕೆ, ಅಚ್ಚಾಗುವ ಮುಂಚೆ ಕೊನೆಯ ಸಲ ನೋಡಿಕೊಡಿ ಎಂದು ಕಳಿಸಿತ್ತು. ಅಲ್ಪವಿರಾಮ ತಿದ್ದುತ್ತ ಏಳನೆಯ ಪುಟಕ್ಕೆ ಬಂದವಳು ಮುಂದೆ ಹೋಗಲಿಲ್ಲ. ಸಮೀಕರಣದಲ್ಲಿ ತೀರ ಸಣ್ಣದೆಂದು ಬಿಟ್ಟಿದ್ದ ಒಂದು ಭಾಗ ಸಣ್ಣದಾಗಿರಲಿಲ್ಲ. ಅದನ್ನು ಸೇರಿಸಿದರೆ ಮುಂದಿನ ಇಪ್ಪತ್ತು ಪುಟ ನಿಲ್ಲುವುದಿಲ್ಲ.

ಆ ಪುಟ ರಿಯಾಜ ಬರೆದದ್ದು.

ಅವನು ತಿಕೋಟಾದವನು. ಧಾರವಾಡದಲ್ಲಿ ಭೌತಶಾಸ್ತ್ರ ಓದುವಾಗ ಇಬ್ಬರನ್ನೂ ಒಂದೇ ಪ್ರಶ್ನೆ ಹಿಡಿದಿತ್ತು: ಏನೇನೋ ಬೆರೆಸಿ ಮಾಡಿದ ಬೇರೆ ಬೇರೆ ಗಾಜುಗಳು ಅತಿ ಶೀತದಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಶಾಖ ಹರಿಸುತ್ತವಲ್ಲ, ಯಾಕೆ? ಊರಕಡೆ ಬಂದು ನೌಕರಿ ಹಿಡಿದ ಮೇಲೂ ಬಿಡಲಿಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದೆ ಅವನ ಬಾಡಿಗೆ ಕೋಣೆಯಲ್ಲಿ ರವಿವಾರ ರವಿವಾರ ಕೂತರು. ಅವಳು ಒಂದೊಂದು ಸಾಲನ್ನೂ ಎರಡೆರಡು ಸಲ ನೋಡುವವಳು. ಅವನು ಹಾರಿ ಹೋಗಿ ಉತ್ತರದ ಹತ್ತಿರ ನಿಂತು ಇವಳನ್ನು ಕರೆಯುವವನು. ಪ್ರಬಂಧ ಕಳಿಸಿ ಹದಿನೈದು ದಿನಕ್ಕೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಿತು, ಅಂಕಿಗಳು ಗೊಂದಲವಾದವು. ತಾಯಿ ರೋಶನಬಿ ಬಂದು ಊರಿಗೆ ಕರೆದೊಯ್ದಳು.

ಸುಮ್ಮನಿದ್ದರೆ ಎಷ್ಟೋ ವರ್ಷ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರು ದಿನ ಆ ಪುಟವನ್ನು ಉಳಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ತಿಕೋಟಾದ ಬಸ್ಸು ಹತ್ತಿದಳು.

"ಬಾ ಬೇಟಿ," ಎಂದಳು ರೋಶನಬಿ. "ನಿಮ್ಮದು ಛಾಪಿಸಿ ಬಂತೇನ? ದಿನಾ ಕೇಳತಾನ."

ರಿಯಾಜ ಅಂಗಳದ ಹೊರಸಿನ ಮೇಲೆ ಕೂತಿದ್ದ. ಅವಳು ಆ ಪುಟವನ್ನು ಅವನ ತೊಡೆಯ ಮೇಲಿಟ್ಟಳು.

"ಇಲ್ಲೊಂದು ತಪ್ಪಾಗೈತಿ, ರಿಯಾಜ."

ಅವನ ಎಡಗೈ ಬೆರಳು ಸಾಲಿನುದ್ದಕ್ಕೂ ನಿಧಾನ ಸರಿಯಿತು. ಅವನಿಗೆ ತಿಳಿಯದೇ ಹೋಗಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಬೆರಳು ಸರಿಯಾದ ಜಾಗದಲ್ಲೇ ನಿಂತಿತು.

"ಇದು... ಸಣ್ಣದಲ್ಲ."

"ಹೌದು."

"ನಾ ಬಿಟ್ಟಿದ್ನಿ."

"ನಾನೂ ನೋಡಿದ್ನಲ್ಲ. ನನಗೂ ಕಾಣಲಿಲ್ಲ."

ಅವನು ಪೆನ್ನು ಕೇಳಿದ. ಎಡಗೈಯಿಂದ ಅಂಚಿನಲ್ಲಿ ಒಂದು ಚಿಹ್ನೆ ಬರೆದ. ಹೊಡೆದು ಹಾಕಿ ಮತ್ತೆ ಅದನ್ನೇ ಬರೆದ. ನಾಲ್ಕೈದು ಸಲ ಹೀಗೇ ಆಯಿತು. ಆಮೇಲೆ ಪೆನ್ನನ್ನು ಹೊರಸಿನ ಮೇಲೆ ಬಿಟ್ಟ.

"ತಪ್ಪು ಕಾಣಾಕತ್ತೈತಿ, ವಿಜಯಾ. ಮುಂದಿಂದು... ಹೊಳಿವಲ್ದು."

ಅವಳು ಪೆನ್ನನ್ನು ಎತ್ತಿಕೊಂಡು ಮುಚ್ಚಳ ಹಾಕಿದಳು.

"ವಾಪಸ್ ತಗೋ," ಎಂದ ಅವನು. "ತಪ್ಪು ನಂದು ಅಂತ ಬರಿ. ನಿನ್ನ ಹೆಸರು ಕೆಡೋದು ಬ್ಯಾಡ."

"ನಮ್ಮದು ಅಂತ ಬರೀತೀನಿ."

ಮೊದಲಿನ ರಿಯಾಜನಾಗಿದ್ದರೆ ಇಡೀ ರವಿವಾರ ವಾದ ಮಾಡುತ್ತಿದ್ದ. ಈಗ ತಲೆಯಾಡಿಸಿ ಗೋಡೆಯ ಕಡೆ ನೋಡಿದ.

ರೋಶನಬಿ ಬಾಗಿಲತನಕ ಬಂದಳು. "ಹಂಗಂದ್ರ ಬರಂಗಿಲ್ಲೇನ?"

"ಇಲ್ಲ, ಚಾಚಿ."

"ಓಣಿ ಮಂದಿಗೆಲ್ಲಾ ಹೇಳೇನಿ. ಇಷ್ಟು ವರ್ಸ ಇಬ್ರೂ ಕೂತು ಏನ ಮಾಡಿದ್ರಿ ಅಂದ್ರ ಏನ ಹೇಳ್ಲಿ?"

ವಿಜಯಲಕ್ಷ್ಮಿ ಆ ಮುದುಕಿಯ ಕೈ ಹಿಡಿದು ಒತ್ತಿದಳು. ನಂತರ ಬಸ್ಸಿಗೆ ನಡೆದಳು. ಅದೇ ಮಧ್ಯಾಹ್ನ ಅಥಣಿ ರಸ್ತೆಯ ತನ್ನ ಮನೆಯಲ್ಲಿ ಕೂತು ಪತ್ರಿಕೆಗೆ ಬರೆದಳು.

ಶ್ರಾವಣದಲ್ಲಿ ಎರಡನೆಯ ಸಲ ಲಕ್ವಾ ಹೊಡೆದು ರಿಯಾಜ ತೀರಿಕೊಂಡ. ಆ ಭಾಗವನ್ನು ಬಿಡುವ ಅವನ ಉಪಾಯ ಒಂದೇ ಒಂದು ಜಾತಿಯ ಗಾಜಿಗೆ ಮಾತ್ರ ಹೊಂದುತ್ತದೆ ಎಂದು ದೀಪಾವಳಿಯ ಹೊತ್ತಿಗೆ ಅವಳಿಗೆ ಹೊಳೆಯಿತು. ಬರೆದರೆ ಒಟ್ಟು ನಾಲ್ಕು ಪುಟವಾಯಿತು. ಇಬ್ಬರ ಹೆಸರನ್ನೂ ಹಾಕಿ ಬೇರೊಂದು ಪತ್ರಿಕೆಗೆ ಕಳಿಸಲು ಕೂತಾಗ, ಕಂಪ್ಯೂಟರಿನ ಅರ್ಜಿ ಕೊನೆಗೆ ಒಂದು ಪ್ರಶ್ನೆ ಕೇಳಿತು: ಎರಡನೆಯ ಲೇಖಕರು ಈ ಪ್ರತಿಯನ್ನು ಓದಿ ಒಪ್ಪಿದ್ದಾರೆಯೇ?

ಅವಳು ನಾಲ್ಕೂ ಪುಟವನ್ನು ಇನ್ನೊಮ್ಮೆ ಓದಿದಳು. ಆಮೇಲೆ "ಇಲ್ಲ" ಎಂದು ಗುರುತು ಹಾಕಿ, ಕಾರಣ ಬರೆಯತೊಡಗಿದಳು.